ನಡೆನುಡಿಯ ಶಿಕ್ಷಣ: ಒಂದು ಸಮೀಕ್ಷೆ

ಉದ್ಯೋಗ ಕೊಡುವ ಸಂಸ್ಥೆಗಳು ಕಾಲೇಜಿನ ಅಂಗಳಕ್ಕೆ ಬಂದಿಳಿಯುವುದಕ್ಕೆ ಕೆಲವೇ ವಾರಗಳು ಉಳಿದಿರುವಾಗ, ಪದವಿಯ ಕಡೆಯ ವರ್ಷದ ವಿದ್ಯಾರ್ಥಿಗಳಿಗಾಗಿ ನಮ್ಮ ನಾಡಿನ ಅನೇಕ ಕಾಲೇಜುಗಳಲ್ಲಿ ಒಂದು ವಿಶೇಷ ತರಬೇತಿ ಏರ್ಪಾಡಾಗುತ್ತದೆ. ಹೊರಗಿನಿಂದ ಬಂದ ತರಬೇತುದಾರರು ಮೂರು ನಾಲ್ಕು ದಿನಗಳ ಅವಧಿಯಲ್ಲಿ, ಸಂದರ್ಶನದಲ್ಲಿ ಹೇಗೆ ಕುಳಿತುಕೊಳ್ಳಬೇಕು, ಗುಂಪು ಚರ್ಚೆಯಲ್ಲಿ ಯಾವಾಗ ಮಾತು ತೆಗೆಯಬೇಕು, ತನ್ನ ಪರಿಚಯವನ್ನು ಇಂಗ್ಲಿಷಿನಲ್ಲಿ ಎಷ್ಟು ವಾಕ್ಯಗಳಲ್ಲಿ ಮುಗಿಸಬೇಕು ಎಂಬುದನ್ನು ಹೇಳಿಕೊಡುತ್ತಾರೆ. ಇದಕ್ಕೆ ಸಾಫ್ಟ್ ಸ್ಕಿಲ್ಸ್ ತರಬೇತಿಯೆಂದು ಹೆಸರು. ಬಾಲ್ಯದಿಂದಲೂ ಬೆಂಚಿನ ಮೇಲೆ ಕೈಕಟ್ಟಿ ಕುಳಿತು ಕೇಳುವುದನ್ನೇ ವಿದ್ಯಾರ್ಥಿಯ ಪರಮ ಗುಣವೆಂದು ಕಲಿತುಬಂದ ತರುಣನಿಗೆ ಅಥವಾ ತರುಣಿಗೆ, ನಿಸ್ಸಂಕೋಚವಾಗಿ ಮಾತನಾಡುವುದನ್ನೂ ಇತರರೊಡನೆ ಕೂಡಿ ಆಲೋಚಿಸುವುದನ್ನೂ ಇಷ್ಟು ಅಲ್ಪಕಾಲದಲ್ಲಿ ಕಲಿಸಿಬಿಡಬಹುದೆಂಬ ನಂಬಿಕೆ ಈ ಏರ್ಪಾಡಿಗೆ ಆಧಾರವಾಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವಾದುದು, ಇಂಥ ಕೌಶಲಗಳು ನಿಜವಾಗಿ ಕಲಿಸಲು ಬರುವಂಥವೇ, ಬರುವುದಾದರೆ ಅವನ್ನು ಯಾರು, ಎಲ್ಲಿ, ಯಾವ ಭಾಷೆಯಲ್ಲಿ, ಯಾವ ವಯಸ್ಸಿನಿಂದ ಕಲಿಸತಕ್ಕದ್ದು ಎಂಬ ಪ್ರಶ್ನೆಗಳನ್ನು, ಇದುವರೆಗೆ ನಡೆದಿರುವ ಪ್ರಯೋಗಗಳ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೃದುಕೌಶಲವೆಂದೂ ಜೀವನಕೌಶಲವೆಂದೂ ವ್ಯವಹಾರದಲ್ಲಿರುವ ಈ ಗುಣಸಮುದಾಯದ ಮೇರೆಗಳು ಒಬ್ಬೊಬ್ಬರ ಗ್ರಂಥದಲ್ಲಿ ಒಂದೊಂದು ರೀತಿಯಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯು 1993ರಲ್ಲಿ ಶಾಲೆಗಳಿಗಾಗಿ ಪ್ರಕಟಿಸಿದ ಕೈಪಿಡಿಯಲ್ಲಿ ಹತ್ತು ಕೌಶಲಗಳನ್ನು ಎಣಿಸಿತು: ತನ್ನನ್ನು ತಾನು ಅರಿಯುವುದು, ಪರರ ಸ್ಥಿತಿಯನ್ನು ಅನುಭವಿಸಿ ತಿಳಿಯುವುದು, ಪರಿಣಾಮಕಾರಿಯಾಗಿ ಮಾತನಾಡುವುದು, ಸಂಬಂಧಗಳನ್ನು ಉಳಿಸಿಕೊಳ್ಳುವುದು, ವಿಮರ್ಶಾತ್ಮಕವಾಗಿಯೂ ಸೃಜನಶೀಲವಾಗಿಯೂ ಚಿಂತಿಸುವುದು, ನಿರ್ಣಯ ಕೈಗೊಳ್ಳುವುದು, ಸಮಸ್ಯೆಗಳನ್ನು ಬಿಡಿಸುವುದು, ಭಾವೋದ್ವೇಗವನ್ನು ಹತೋಟಿಯಲ್ಲಿಡುವುದು, ಒತ್ತಡವನ್ನು ತಾಳಿಕೊಳ್ಳುವುದು. ಈ ಪಟ್ಟಿಯಲ್ಲಿ ಸಂದರ್ಶನದ ಪ್ರಸ್ತಾಪವಿಲ್ಲ, ಇಂಗ್ಲಿಷಿನ ಪ್ರಸ್ತಾಪವೂ ಇಲ್ಲ. ಹದಿಹರೆಯದ ಮಕ್ಕಳನ್ನು ವ್ಯಸನಗಳಿಂದಲೂ ಹಿಂಸೆಯಿಂದಲೂ ಮನಸ್ಸಿನ ಕುಸಿತದಿಂದಲೂ ಕಾಪಾಡುವುದು ಅದರ ಮುಖ್ಯ ಲಕ್ಷ್ಯವಾಗಿತ್ತು. ಉದ್ಯೋಗದ ಲಕ್ಷ್ಯವುಳ್ಳ ಧಾರೆ ಹರಿದುಬಂದದ್ದು ಬೇರೊಂದು ದಿಕ್ಕಿನಿಂದ: ಯಂತ್ರಗಳೊಡನೆ ಮಾಡುವ ಕೆಲಸವನ್ನು ಮನುಷ್ಯರೊಡನೆ ಮಾಡುವ ಕೆಲಸದಿಂದ ಬೇರ್ಪಡಿಸಿ, ಎರಡನೆಯದಕ್ಕೂ ಕ್ರಮಬದ್ಧವಾದ ತರಬೇತಿ ಸಾಧ್ಯವೇ ಎಂದು 1972ರಲ್ಲಿ ಸಮ್ಮೇಳನ ನಡೆಸಿ ಚರ್ಚಿಸಿದವರು ಅಮೆರಿಕದ ಸೇನೆಯವರು. ಅದಕ್ಕೂ ಬಹಳ ಹಿಂದೆ, 1918ರಲ್ಲಿ, ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಎಂಜಿನಿಯರಿಂಗ್ ಶಿಕ್ಷಣದ ಸ್ಥಿತಿಗತಿಯನ್ನು ಪರಿಶೀಲಿಸಿದ ಚಾರ್ಲ್ಸ್ ಮಾನ್ ಅವರು, ವೃತ್ತಿಯಲ್ಲಿದ್ದ ಎಂಜಿನಿಯರುಗಳ ಅಭಿಪ್ರಾಯ ಕೇಳಿದಾಗ, ಶೀಲ, ವಿವೇಚನೆ, ಜನರನ್ನು ಅರಿಯುವ ಶಕ್ತಿ ಇವುಗಳಿಗೆ ತಾಂತ್ರಿಕ ಜ್ಞಾನಕ್ಕಿಂತ ಮೇಲಿನ ಸ್ಥಾನವನ್ನು ಬಹುಮಂದಿ ಕೊಟ್ಟಿದ್ದರು. ವೃತ್ತಿಯ ಯಶಸ್ಸಿನಲ್ಲಿ ಶೇಕಡ 85 ಭಾಗ ಇವುಗಳಿಂದಲೇ ಬರುತ್ತದೆಂದು ಇಂದಿನ ಜಾಹೀರಾತುಗಳು ಸಾರುವ ಲೆಕ್ಕವನ್ನು ಆ ವರದಿಯ ತಲೆಗೆ ಕಟ್ಟುವುದುಂಟು. ಅಭಿಪ್ರಾಯಗಳನ್ನು ಮೇಲು ಕೆಳಗೆಂದು ಅಣಿಗೊಳಿಸಿದ ಒಂದು ಪಟ್ಟಿಯಿಂದ ಅಂಥ ಲೆಕ್ಕ ಹುಟ್ಟಲಾರದು. ಈ ವಿಷಯದಲ್ಲಿ ಶ್ರದ್ಧೆಯುಳ್ಳವರು ಇಂಥ ಆಧಾರರಹಿತ ಅಂಕಿಗಳನ್ನು ಮೊದಲು ಕೈಬಿಡಬೇಕು.

ನಮ್ಮ ದೇಶದಲ್ಲಿಯೂ ಈ ಆಲೋಚನೆ ಹೊಸತಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿಯವರು ಮಂಡಿಸಿದ ಮೂಲಶಿಕ್ಷಣದ ಯೋಜನೆಯು, ಕೈಕಸಬಿನ ಸುತ್ತ ಮಕ್ಕಳು ಒಟ್ಟಾಗಿ ದುಡಿಯುವುದರಿಂದಲೇ ಸಹಕಾರವೂ ಹೊಣೆಗಾರಿಕೆಯೂ ಬೆಳೆಯಬೇಕೆಂದು ಬಯಸಿತು. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗವು 1953ರ ತನ್ನ ವರದಿಯಲ್ಲಿ, ಪ್ರಜಾಪ್ರಭುತ್ವದ ಪೌರನಿಗೆ ಸ್ಪಷ್ಟವಾದ ಆಲೋಚನೆ, ಮಾತಿನಲ್ಲಿಯೂ ಬರವಣಿಗೆಯಲ್ಲಿಯೂ ಸ್ಫುಟತೆ, ಸಹಜೀವನದ ಕಲೆ, ಸಹಿಷ್ಣುತೆ ಇವು ಅತ್ಯಗತ್ಯವೆಂದು ವಿವರವಾಗಿ ಬರೆಯಿತು. ಕೊಠಾರಿ ಆಯೋಗವು ಕಾರ್ಯಾನುಭವವನ್ನೂ ಸಮಾಜಸೇವೆಯನ್ನೂ ಶಿಫಾರಸು ಮಾಡಿತು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾನಿಲಯಗಳಲ್ಲಿ ಪ್ರಾರಂಭವಾಯಿತು. 2019ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಜೀವನ್ ಕೌಶಲ್ ಎಂಬ ಪಠ್ಯಕ್ರಮವನ್ನು ಹೊರತಂದಿತು; ಮರುವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಇದೇ ಮಾತುಗಳು ಪುನಃ ಬಂದುವು. ವರದಿಗಳ ಕೊರತೆ ನಮ್ಮನ್ನು ಬಾಧಿಸಿಲ್ಲ. ಒಂದು ವರದಿಯ ಮಾತು ಮುಂದಿನ ವರದಿಯಲ್ಲಿ ಹೊಸದೆಂಬಂತೆ ಕಾಣಿಸಿಕೊಳ್ಳಬೇಕಾದರೆ, ನಡುವಿನ ವರ್ಷಗಳಲ್ಲಿ ತರಗತಿಯೊಳಗೆ ಅದು ಇಳಿಯಲಿಲ್ಲವೆಂದೇ ಅರ್ಥ.

ಈ ಕೌಶಲಗಳನ್ನು ಕಲಿಸಬಹುದೆಂಬುದಕ್ಕೆ ಇರುವ ಪ್ರಮಾಣಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಅಮೆರಿಕದ ಮಿಶಿಗನ್ ಪ್ರಾಂತದ ಇಪ್ಸಿಲಾಂಟಿ ಪಟ್ಟಣದ ಪೆರಿ ಶಿಶುವಿಹಾರದ ಪ್ರಯೋಗ. 1962ರಿಂದ 1967ರವರೆಗೆ, ಬಡ ಕಪ್ಪುಜನರ ಕುಟುಂಬಗಳಿಗೆ ಸೇರಿದ 123 ಮಕ್ಕಳಲ್ಲಿ 58 ಮಂದಿಯನ್ನು ಶಿಶುವಿಹಾರಕ್ಕೆ ಸೇರಿಸಿಕೊಂಡು, ಉಳಿದವರನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟು, ಎರಡು ಗುಂಪುಗಳವರನ್ನೂ ದಶಕಗಳ ಕಾಲ ಗಮನಿಸುತ್ತ ಬಂದರು. ಶಿಶುವಿಹಾರಕ್ಕೆ ಹೋದವರ ಬುದ್ಧಿಪ್ರಮಾಣ ಮೊದಲು ಏರಿ, ಕೆಲವು ವರ್ಷಗಳಲ್ಲಿ ಉಳಿದವರ ಮಟ್ಟಕ್ಕೇ ಮರಳಿತು. ಪ್ರಯೋಗ ವಿಫಲವಾಯಿತೆಂದು ಎಣಿಸುವುದಕ್ಕೆ ಇಷ್ಟು ಸಾಕಾಗಿತ್ತು. ಆದರೆ ಅದೇ ಮಕ್ಕಳು ನಲವತ್ತರ ವಯಸ್ಸು ತಲುಪಿದಾಗ, ಅವರಲ್ಲಿ ಉದ್ಯೋಗಸ್ಥರು ಹೆಚ್ಚಾಗಿಯೂ, ಸಂಪಾದನೆ ಅಧಿಕವಾಗಿಯೂ, ಪೊಲೀಸರ ಕೈಗೆ ಸಿಕ್ಕಿದವರು ಕಡಮೆಯಾಗಿಯೂ ಕಂಡುಬಂದರು. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಈ ದತ್ತಾಂಶವನ್ನು ಮತ್ತೆ ಶೋಧಿಸಿ, ವ್ಯತ್ಯಾಸದ ಬಹುಭಾಗಕ್ಕೆ ಕಾರಣ ಬುದ್ಧಿಪ್ರಮಾಣವಲ್ಲ, ನಡವಳಿಕೆಯಲ್ಲಿ ನೆಲೆಗೊಂಡ ಗುಣಗಳು ಎಂದು ತೋರಿಸಿದರು. ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಆ ಶಿಶುವಿಹಾರದ ದಿನಚರಿ: ಮಗು ಬೆಳಗ್ಗೆ ತಾನು ಮಾಡಬೇಕೆಂದಿರುವ ಕೆಲಸವನ್ನು ಹೇಳುತ್ತಿತ್ತು, ಅದನ್ನು ಮಾಡುತ್ತಿತ್ತು, ಬಳಿಕ ಏನು ಮಾಡಿದೆನೆಂಬುದನ್ನು ಎಲ್ಲರ ಮುಂದೆ ವಿವರಿಸುತ್ತಿತ್ತು, ಶಿಕ್ಷಕಿ ಪ್ರತಿ ವಾರವೂ ಮಗುವಿನ ಮನೆಗೆ ಹೋಗಿ ತಾಯಿಯೊಡನೆ ಮಾತನಾಡುತ್ತಿದ್ದಳು. ಹೊಣೆಗಾರಿಕೆಯ ಮೇಲೆ ಅಲ್ಲಿ ಪಾಠ ನಡೆಯಲಿಲ್ಲ. ಹೊಣೆಯನ್ನೇ ಮಗುವಿನ ಕೈಗೆ ಕೊಡಲಾಗಿತ್ತು.

ಒಂದು ಊರಿನ ಅಲ್ಪಸಂಖ್ಯೆಯ ಮಕ್ಕಳಿಂದ ಸಿದ್ಧಾಂತ ಕಟ್ಟಬಾರದೆಂಬ ಆಕ್ಷೇಪಕ್ಕೆ 2011ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನ ಉತ್ತರವಾಗಿ ಒದಗಿತು. ಸಾಮಾಜಿಕ ಹಾಗೂ ಭಾವನಾತ್ಮಕ ಕಲಿಕೆಯ 213 ಯೋಜನೆಗಳನ್ನೂ ಅವುಗಳಲ್ಲಿ ಪಾಲುಗೊಂಡ ಸುಮಾರು 2 ಲಕ್ಷ 70 ಸಾವಿರ ವಿದ್ಯಾರ್ಥಿಗಳನ್ನೂ ಕುರಿತ ಆ ಅಧ್ಯಯನದಲ್ಲಿ, ಇಂಥ ಶಿಕ್ಷಣ ಪಡೆದವರ ನಡವಳಿಕೆ ಸುಧಾರಿಸಿದುದಲ್ಲದೆ, ಓದಿನಲ್ಲಿಯೂ ಅವರು ಮುಂದಾದರು: ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಡುವಿನಲ್ಲಿರುತ್ತಿದ್ದ ಮಗು ಹನ್ನೊಂದು ಸ್ಥಾನ ಮೇಲಕ್ಕೆ ಸರಿದಷ್ಟು ಪ್ರಗತಿ. ಪಾಠದ ಹೊತ್ತನ್ನು ಇಂಥವಕ್ಕೆ ಕೊಟ್ಟರೆ ಪಾಠ ಹಿಂದೆ ಬೀಳುತ್ತದೆಂದು ಅಂಜುವ ತಂದೆತಾಯಿಗಳಿಗೂ ಮುಖ್ಯೋಪಾಧ್ಯಾಯರಿಗೂ ಇದು ಧೈರ್ಯ ಕೊಡತಕ್ಕ ವಿಷಯ. ಉದ್ಯೋಗದ ಕಡೆಯಿಂದ ನೋಡಿದರೂ, ಅಮೆರಿಕದಲ್ಲಿ 1980ರಿಂದ 2012ರವರೆಗೆ ಜನಸಂಪರ್ಕದ ಕೌಶಲ ಬೇಡುವ ಕೆಲಸಗಳ ಪಾಲು ಸುಮಾರು 12 ಶೇಕಡಾಂಶಗಳಷ್ಟು ಹೆಚ್ಚಿತೆಂದು ಡೇವಿಡ್ ಡೆಮಿಂಗ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ.

ಇಷ್ಟರಿಂದ ಎಲ್ಲವೂ ಸಿದ್ಧವಾಯಿತೆಂದು ತಿಳಿಯಲಾಗದು. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ತರಗತಿಯಲ್ಲಿ ಮೈಂಡ್‌ಫುಲ್‌ನೆಸ್ ಎಂಬ ಸಾವಧಾನದ ಅಭ್ಯಾಸವನ್ನು ಕಲಿಸಿ ನೋಡಿದ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಿದ್ದಾಗ, ಎಂದಿನ ಪಾಠಕ್ಕಿಂತ ಅದರಿಂದ ಅಧಿಕ ಪ್ರಯೋಜನವೇನೂ ಕಾಣಲಿಲ್ಲ. ಮಿಠಾಯಿಯನ್ನು ತಿನ್ನದೆ ಕಾದ ಮಗು ಮುಂದೆ ಜೀವನದಲ್ಲಿ ಗೆಲ್ಲುತ್ತದೆಂದು ಜಗತ್ತಿನಾದ್ಯಂತ ಹೇಳಲಾಗುವ ಸ್ಟ್ಯಾನ್‌ಫರ್ಡಿನ ಪರೀಕ್ಷೆಯನ್ನು 2018ರಲ್ಲಿ ಹೆಚ್ಚು ವಿಶಾಲವಾದ ಸಮುದಾಯದ ಮಕ್ಕಳ ವಿಷಯದಲ್ಲಿ ಮರುಪರಿಶೀಲಿಸಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ಸಂಬಂಧ ಬಹಳವಾಗಿ ಕ್ಷೀಣಿಸಿತು. ನಾಳೆಯ ಊಟದ ಭರವಸೆಯಿಲ್ಲದ ಮನೆಯ ಮಗು ಇಂದಿನ ತಿಂಡಿಯನ್ನು ಇಂದೇ ತಿಂದರೆ ಅದನ್ನು ಸಂಯಮದ ದೋಷವೆಂದು ಕರೆಯುವುದು ಅನ್ಯಾಯ. ಬಡತನದ ಫಲವನ್ನು ಶೀಲದ ಕೊರತೆಯೆಂದು ಬಡವರ ಮೇಲೆಯೇ ಹೊರಿಸುವ ಅಪಾಯ ಈ ಶಾಸ್ತ್ರದಲ್ಲಿ ಉದ್ದಕ್ಕೂ ಅಡಗಿದೆ. ಅದರ ಬಗ್ಗೆ ಎಚ್ಚರವಿರಬೇಕು. ಇನ್ನು ಬಿಹಾರದ ನಾಲಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಕವಾದ ಸಲಹೆಗಾರರು ನಡೆಸಿದರು, ಮತ್ತೆ ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರು ನಡೆಸಿದರು. ಸಲಹೆಗಾರರಿದ್ದ ಕಡೆ ಮಕ್ಕಳ ಖಿನ್ನತೆಯೂ ಪರಸ್ಪರ ಪೀಡನೆಯೂ ಇಳಿದುವು, ಶಾಲೆಯ ವಾತಾವರಣವೇ ಹಿತವಾಯಿತು. ಶಿಕ್ಷಕರು ನಡೆಸಿದ ಕಡೆ ಅಂಥ ಫಲ ದೊರೆಯಲಿಲ್ಲ. ಇದನ್ನು ಶಿಕ್ಷಕರ ಅಯೋಗ್ಯತೆಯೆಂದು ಓದುವವರೊಡನೆ ನನಗೆ ಸಹಮತವಿಲ್ಲ. ಪಾಠ, ಪರೀಕ್ಷೆ, ಗಣತಿ, ಬಿಸಿಯೂಟದ ಲೆಕ್ಕ ಇವೆಲ್ಲವುಗಳ ಮೇಲೆ ಮತ್ತೊಂದು ಹೊರೆಯಾಗಿ ಬಂದ ಕಾರ್ಯಕ್ರಮವನ್ನು, ಮಕ್ಕಳ ಮಾತು ಕೇಳುವುದಕ್ಕೆ ಬಿಡುವೇ ಇಲ್ಲದವರು ಹೇಗೆ ತಾನೆ ನಡೆಸಿಯಾರು?

ಹಾಗಾದರೆ ಶಿಕ್ಷಕರ ಕೈಯಿಂದಲೇ, ಪ್ರತ್ಯೇಕವಾದ ಪಿರಿಯಡ್ ಇಲ್ಲದೆ, ಇದು ಸಾಧ್ಯವಾದ ನಿದರ್ಶನ ಇದೆಯೇ? ನಮ್ಮಲ್ಲಿಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ಕಂಡುಬಂದು, ಅದನ್ನು ನಮ್ಮ ಮಣ್ಣಿಗೆ ಒಗ್ಗಿಸಿ ರೂಪಿಸಿದ ನಲಿಕಲಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಪ್ರಾರಂಭದ ತರಗತಿಗಳಿಗೆಲ್ಲ ವ್ಯಾಪಿಸಿತು. ಅಲ್ಲಿ ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕುಳಿತಿರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಮತ್ತೊಂದಕ್ಕೆ ಭಾಗಶಃ ಸಹಾಯ, ಇನ್ನೊಂದಕ್ಕೆ ಸಹಪಾಠಿಗಳ ಸಹಾಯ. ಕಡೆಗೆ ತಾನೇ ತಾನಾಗಿ ಕಲಿಯುವವರ ಗುಂಪು. ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ನಿಂತಿರುವ ಮೆಟ್ಟಿಲನ್ನು ತಾನೇ ಗುರುತಿಸಿ, ಅದಕ್ಕೆ ತಕ್ಕ ಕಾರ್ಡನ್ನು ತಾನೇ ತೆಗೆದು, ತನ್ನ ಗುಂಪಿಗೆ ಹೋಗಿ ಕುಳಿತುಕೊಳ್ಳುತ್ತದೆ. ಎಂಟು ವರ್ಷದ ಹುಡುಗಿ ಆರು ವರ್ಷದವನಿಗೆ ಅಕ್ಷರ ತಿದ್ದಿಸುವಾಗ, ಅವನಿಗೆ ತಿಳಿಯಲಿಲ್ಲವೆಂದು ಅರಿತು ಬೇರೊಂದು ರೀತಿಯಲ್ಲಿ ಹೇಳಿನೋಡುವಾಗ, ಒಂದೇ ಕಾರ್ಡಿಗೆ ಇಬ್ಬರು ಕೈ ಚಾಚಿ ಯಾರು ಮೊದಲೆಂಬುದನ್ನು ತಮ್ಮಲ್ಲೇ ತೀರ್ಮಾನಿಸಿಕೊಳ್ಳುವಾಗ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವ ಕೌಶಲಗಳಲ್ಲಿ ಐದಾರು ಅಲ್ಲಿ ಯಾರ ಗಮನಕ್ಕೂ ಬಾರದಂತೆ ಅಭ್ಯಾಸವಾಗುತ್ತಿರುತ್ತವೆ. ಮಕ್ಕಳ ಸಂಖ್ಯೆ ಹೆಚ್ಚಾದಲ್ಲಿ, ಕಾರ್ಡುಗಳು ಹರಿದು ಹೊಸವು ಬಾರದಲ್ಲಿ, ಓದುಬರೆಹದ ಮಟ್ಟ ಸಾಲದೆಂಬ ದೂರು ಎದ್ದಲ್ಲಿ ಈ ಪದ್ಧತಿ ಸೊರಗಿರುವುದೂ ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು, ನಾಲ್ಕನೆಯ ತರಗತಿಗೆ ಬಂದೊಡನೆ ಅದೇ ಮಕ್ಕಳನ್ನು ಸಾಲುಬೆಂಚಿಗೆ ಏರಿಸಿ, ಪಕ್ಕದವರೊಡನೆ ಮಾತನಾಡಿದರೆ ಗದರಿಸುವುದು. ಮೂರು ವರ್ಷ ಪ್ರೋತ್ಸಾಹಿಸಿದ ಗುಣವೇ ಆಗ ತಪ್ಪಾಗಿ ಎಣಿಕೆಯಾಗುತ್ತದೆ. ಹತ್ತಾರು ವರ್ಷಗಳ ಬಳಿಕ ಕಾಲೇಜಿನಲ್ಲಿ ತರಬೇತುದಾರರನ್ನು ಕರೆಸಿ ಅದನ್ನೇ ಮರಳಿ ಪಡೆಯಲು ಹಣ ಕೊಡುತ್ತೇವೆ.

ನುಡಿಯ ಕೌಶಲದ ವಿಷಯದಲ್ಲಂತೂ ಈ ನಾಡಿನ ಸಂಪತ್ತು ಅಸಾಧಾರಣವಾದುದು. ಕರಾವಳಿಯ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದೊಡನೆ ಅರ್ಥಧಾರಿಯು ಮೊದಲೇ ಬರೆದಿಟ್ಟುಕೊಳ್ಳದ ಮಾತುಗಳಲ್ಲಿ ತನ್ನ ಪಾತ್ರದ ಪಕ್ಷವನ್ನು ಪ್ರತಿಪಾದಿಸಬೇಕು, ಎದುರಾಳಿಯ ವಾದವನ್ನು ಪೂರ್ತಿಯಾಗಿ ಕೇಳಿ ಅದರ ಸಂದಿನಲ್ಲಿಯೇ ಉತ್ತರ ಹುಡುಕಬೇಕು, ಎಷ್ಟೇ ಬಿರುಸಾದ ವಾಗ್ವಾದದಲ್ಲಿಯೂ ಪಾತ್ರದ ಘನತೆಯನ್ನು ಕೆಡಿಸಬಾರದು. ಕೇಳದವನು ಅಲ್ಲಿ ಮಾತನಾಡಲಾರ. ಇಂದು ಕರ್ಣನಾಗಿ ವಾದಿಸಿದವನು ನಾಳೆ ಕೃಷ್ಣನಾಗಿ ಎದುರು ಪಕ್ಷದಲ್ಲಿ ಕುಳಿತುಕೊಳ್ಳುವುದುಂಟು. ಪರರ ನಿಲುವಿನಲ್ಲಿ ನಿಂತು ಆಲೋಚಿಸುವ ಅಭ್ಯಾಸ ಇದಕ್ಕಿಂತ ಸಹಜವಾಗಿ ಇನ್ನೆಲ್ಲಿ ದೊರೆತೀತು? ರಂಗಭೂಮಿಯನ್ನು ಶಿಕ್ಷಣದ ಅಂಗವಾಗಿಸಿದ ಪ್ರಯತ್ನಗಳೂ ನಮ್ಮಲ್ಲಿ ನಡೆದಿವೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಡನೆ ನಡೆಸಿದ ಪ್ರಯೋಗಗಳು, 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ, ಮೈಸೂರಿನ ರಂಗಾಯಣವು ಬೇಸಗೆಯ ರಜೆಯಲ್ಲಿ ನಡೆಸಿಕೊಂಡು ಬಂದಿರುವ ಚಿಣ್ಣರ ಮೇಳ ಇವೆಲ್ಲವೂ ಮಕ್ಕಳನ್ನೂ ಹಳ್ಳಿಗರನ್ನೂ ರಂಗದ ಮೇಲೆ ನಿಲ್ಲಿಸಿ ಧೈರ್ಯ ತುಂಬಿದುವು. ನಾಟಕದಲ್ಲಿ ಕೂಡಿ ದುಡಿದ ಮಗುವಿಗೆ, ತನ್ನ ಮಾತು ಚಿಕ್ಕದಾದರೂ ಅದು ತಪ್ಪಿದರೆ ಮುಂದಿನವನು ಎಡವುತ್ತಾನೆಂಬ ಅರಿವು ತಾನಾಗಿ ಬರುತ್ತದೆ. ಇಂಥ ಕಲೆಗಳನ್ನು ವಾರ್ಷಿಕೋತ್ಸವದ ಒಂದು ಸಂಜೆಗೂ ಪ್ರತಿಭಾ ಕಾರಂಜಿಯ ಸ್ಪರ್ಧೆಗೂ ಸೀಮಿತಗೊಳಿಸಿ, ಮುಂದಿನ ಸಾಲಿನ ಹತ್ತು ಮಕ್ಕಳಿಗೆ ಬಹುಮಾನ ಕೊಟ್ಟು ತೃಪ್ತರಾಗುವುದು ಈ ಸಂಪತ್ತನ್ನು ಹಾಳುಮಾಡಿದಂತೆಯೇ ಸರಿ. ಮಾತು ಬಾರದ ಮಗುವಿಗೇ ಅದು ಮೊದಲು ಸಲ್ಲಬೇಕು.

ಇಲ್ಲಿ ಇಂಗ್ಲಿಷಿನ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಮೃದುಕೌಶಲವೆಂದರೆ ನಿರರ್ಗಳವಾದ ಇಂಗ್ಲಿಷೆಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಕನ್ನಡದಲ್ಲಿ ಸಭೆಯನ್ನು ಹಿಡಿದು ನಿಲ್ಲಿಸಬಲ್ಲ, ಊರಿನ ಹಬ್ಬದಲ್ಲಿ ನೂರು ಮಂದಿಯ ಕೆಲಸವನ್ನು ಹಂಚಿ ನಡೆಸಬಲ್ಲ ಹುಡುಗನೊಬ್ಬ, ಸಂದರ್ಶನದ ಕೊಠಡಿಯಲ್ಲಿ ಕೌಶಲಹೀನನೆಂದು ಎಣಿಸಲ್ಪಡುತ್ತಾನೆ. ಇಂಗ್ಲಿಷ್ ಬೇಕಾದ ಉದ್ಯೋಗಕ್ಕೆ ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಿನ್ನಾಭಿಪ್ರಾಯವನ್ನು ವಿನಯದಿಂದ ಹೇಳುವುದು, ಕೋಪವನ್ನು ನುಂಗಿಕೊಂಡು ವಿಷಯಕ್ಕೆ ಮರಳುವುದು, ತಿಳಿಯದಿದ್ದುದನ್ನು ತಿಳಿಯದೆಂದು ಹೇಳುವುದು, ಇವನ್ನೆಲ್ಲ ಮನುಷ್ಯನು ತಾನು ನಕ್ಕು ಅತ್ತು ಬೆಳೆದ ಭಾಷೆಯಲ್ಲಿಯೇ ಮೊದಲು ಕಲಿಯುತ್ತಾನೆ. ಅಲ್ಲಿ ಗಟ್ಟಿಯಾದುದು ಬೇರೆ ಭಾಷೆಗೂ ದಾಟಿ ಹೋಗುತ್ತದೆ; ಅಲ್ಲಿ ಇಲ್ಲದುದನ್ನು ಕಂಠಪಾಠದ ವಾಕ್ಯಗಳು ತಂದುಕೊಡಲಾರವು.

ಸ್ಪಷ್ಟವಾಗಿ ಕಲಿಸಬೇಕಾದ ಕೌಶಲಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಜಾಂಬಿಯಾದ ಲುಸಾಕಾ ನಗರದಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ, ತಮ್ಮ ಓದಿನ ವಿಷಯವನ್ನು ಮನೆಯ ಹಿರಿಯರೊಡನೆ ಜಗಳವಿಲ್ಲದೆ ಪ್ರಸ್ತಾಪಿಸಿ ಒಪ್ಪಿಸುವ ಕ್ರಮವನ್ನು ಕೆಲವು ಬೈಠಕ್ಕುಗಳಲ್ಲಿ ಹೇಳಿಕೊಟ್ಟಾಗ, ಅವರ ವಿದ್ಯಾಭ್ಯಾಸ ಮುಂದಿನ ವರ್ಷಗಳಲ್ಲಿ ಗಮನಾರ್ಹವಾಗಿ ಸುಧಾರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರೌಢಶಾಲೆಗಳ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಜೀವನಕೌಶಲದ ಕೈಪಿಡಿಗಳಲ್ಲಿಯೂ ಉಪದೇಶಕ್ಕಿಂತ ಪಾತ್ರಾಭಿನಯಕ್ಕೂ ಸಣ್ಣ ಗುಂಪುಗಳ ಚರ್ಚೆಗೂ ಪ್ರಾಧಾನ್ಯವಿದೆ. ಮಗುವಿನ ನಿಜವಾದ ಬಿಕ್ಕಟ್ಟೊಂದನ್ನು ಎದುರಿಗಿಟ್ಟುಕೊಂಡಾಗ ಪಾಠಕ್ಕೆ ಬಲ ಬರುತ್ತದೆ.

ಈ ಶಿಕ್ಷಣದ ಫಲ ಯಾರಿಗೆ ಸೇರುತ್ತದೆಂಬ ಪ್ರಶ್ನೆಯನ್ನು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ನಡೆದ ಒಂದು ಅಧ್ಯಯನ ತೀಕ್ಷ್ಣವಾಗಿ ಮುಂದಿಟ್ಟಿದೆ. ಹೊಲಿಗೆಯ ಸಾಲಿನಲ್ಲಿ ದುಡಿಯುವ ಹೆಂಗಸರಲ್ಲಿ ತರಬೇತಿಗೆ ಬರಲು ಒಪ್ಪಿದವರನ್ನು ಚೀಟಿ ಎತ್ತಿದಂತೆ ಆರಿಸಿ, ಸುಮಾರು ಒಂದು ವರ್ಷದ ಕಾಲ, ಮಾತುಕತೆ, ಕಾಲದ ಬಳಕೆ, ಹಣದ ನಿರ್ವಹಣೆ, ಸಮಸ್ಯೆಗಳ ಪರಿಹಾರ ಮೊದಲಾದುವನ್ನು ಕಲಿಸಿದರು. ಅವರ ಉತ್ಪಾದನೆ ಸ್ಪಷ್ಟವಾಗಿ ಏರಿತು, ತರಬೇತಿಯಿಲ್ಲದೆ ಪಕ್ಕದಲ್ಲಿ ಕುಳಿತವರ ಕೆಲಸವೂ ಸುಧಾರಿಸಿತು; ಮಾಲೀಕರಿಗೆ ತಾವು ಹಾಕಿದ ಹಣ ಎರಡರಷ್ಟಕ್ಕೂ ಮೀರಿ ಹಿಂದಿರುಗಿತು. ಆ ಹೆಂಗಸರ ವೇತನದಲ್ಲಾದ ಹೆಚ್ಚಳವಾದರೋ ನೂರು ರೂಪಾಯಿಗೆ ಅರ್ಧ ರೂಪಾಯಿಯಷ್ಟು. ಕೌಶಲ ಬಂದರೆ ಬಾಳು ತಾನಾಗಿ ಹಸನಾಗುತ್ತದೆಂದು ಹೇಳುವವರು ಈ ಅರ್ಧವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಗುಮುಖದಿಂದ ಹೊಂದಿಕೊಂಡು ಹೋಗುವುದನ್ನು ಮಾತ್ರ ಕಲಿಸಿ, ನ್ಯಾಯವಾದುದನ್ನು ಕೇಳುವುದನ್ನು ಕಲಿಸದೆ ಬಿಟ್ಟರೆ, ಅದು ಅರೆಶಿಕ್ಷಣ. ಸಂಬಳದ ಚೀಟಿಯನ್ನು ಓದಿ ಪ್ರಶ್ನಿಸುವುದು, ಹತ್ತು ಮಂದಿ ಸೇರಿ ಒಂದು ಅರ್ಜಿ ಬರೆಯುವುದು, ಮೇಲಧಿಕಾರಿಯ ಮುಂದೆ ದನಿ ನಡುಗದಂತೆ ನಿಂತು ಮಾತನಾಡುವುದು ಇವೂ ಸಂವಹನವೇ, ಇವೂ ಸಹಕಾರವೇ.

ಅಳೆಯುವ ಹಂಬಲದಿಂದ ಈ ಕಾರ್ಯ ಕೆಟ್ಟ ಬಗೆಯನ್ನೂ ನಾವು ನೋಡಿದ್ದೇವೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2009ರಲ್ಲಿ ನಿರಂತರ ಹಾಗೂ ಸಮಗ್ರ ಮೌಲ್ಯಮಾಪನವನ್ನು ಜಾರಿಗೆ ತಂದು, ಮಕ್ಕಳ ಆಲೋಚನೆ, ಭಾವನೆ, ಸಾಮಾಜಿಕ ನಡವಳಿಕೆಗಳಿಗೂ ಶ್ರೇಣಿ ಕೊಡಿಸಿತು. ಆ ಶ್ರೇಣಿಯಿಂದ ಪಾಠದ ಶ್ರೇಣಿಯನ್ನು ಮೇಲೆತ್ತುವ ಅವಕಾಶವೂ ಇತ್ತು. ಶ್ರೇಣಿಗಾಗಿ ಕಡತಗಳು ಬೆಳೆದುವು, ಮಗುವಿನ ಸಹಾನುಭೂತಿಯನ್ನು ವರ್ಣಿಸುವ ಒಂದೇ ವಾಕ್ಯ ಅನೇಕ ಮಕ್ಕಳ ಹೆಸರಿನ ಮುಂದೆ ಬಂದಿತು, ಕಡೆಗೆ 2017ರಲ್ಲಿ ಆ ಪದ್ಧತಿಯನ್ನೇ ಕೈಬಿಡಲಾಯಿತು. ಮರುವರ್ಷ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ಸಂತೋಷದ ಪಠ್ಯಕ್ರಮವು ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ದಿನಕ್ಕೊಂದು ಅವಧಿಯನ್ನು ಕತೆ, ಚಟುವಟಿಕೆ, ಮೌನಗಳಿಗೆ ಮೀಸಲಿಟ್ಟು, ಪರೀಕ್ಷೆಯನ್ನು ಮಾತ್ರ ಬೇಡವೆಂದಿತು. ಈ ಎರಡರಲ್ಲಿ ಎರಡನೆಯದೇ ವಿವೇಕದ ಮಾರ್ಗವೆಂದು ನನ್ನ ದೃಢವಾದ ಅಭಿಪ್ರಾಯ. ಅಂಕಕ್ಕಾಗಿ ತೋರಿದ ಕರುಣೆ ಅಂಕ ದೊರೆತ ದಿನವೇ ಮುಗಿಯುತ್ತದೆ.

ಆದುದರಿಂದ ಕೆಲಸ ಪ್ರಾರಂಭವಾಗಬೇಕಾದದ್ದು ಶಿಕ್ಷಕರ ಶಿಕ್ಷಣದಲ್ಲಿ. 2014ರ ನಿಯಮಗಳಂತೆ ಎರಡು ವರ್ಷಗಳದಾದ ಬಿ.ಎಡ್. ಪಠ್ಯಕ್ರಮದಲ್ಲಿ ಶಿಕ್ಷಣದಲ್ಲಿ ನಾಟಕ ಮತ್ತು ಕಲೆ, ತನ್ನನ್ನು ತಾನು ಅರಿಯುವುದು ಎಂಬ ವಿಷಯಗಳಿಗೆ ಸ್ಥಾನವಿದೆ. ಅವನ್ನು ಟಿಪ್ಪಣಿ ಬರೆಸಿ ಮುಗಿಸುವ ಬದಲು, ಭಾವೀ ಶಿಕ್ಷಕರಿಂದ ನಾಟಕವನ್ನು ಆಡಿಸಿ, ಚರ್ಚೆಯನ್ನು ನಡೆಸಿ, ಜಗಳವನ್ನು ಬಿಡಿಸುವ ಅಭ್ಯಾಸವನ್ನು ಶಾಲೆಯಲ್ಲಿಯೇ ಮಾಡಿಸಬೇಕು. ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಶಿಕ್ಷಣ ಹಕ್ಕು ಕಾಯಿದೆಯ ಪ್ರಮಾಣವನ್ನು ಪ್ರತಿಯೊಂದು ಶಾಲೆಯಲ್ಲಿಯೂ ಪಾಲಿಸಿ, ಏಕೋಪಾಧ್ಯಾಯ ಶಾಲೆಗಳಿಗೆ ಎರಡನೆಯವರನ್ನು ಕೊಡಬೇಕು. ನಲಿಕಲಿಯ ಗುಂಪುಕಲಿಕೆಯನ್ನು ಮೂರನೆಯ ತರಗತಿಯಲ್ಲಿ ಕಡಿದುಹಾಕದೆ, ಏಳನೆಯವರೆಗೆ ದಿನಕ್ಕೆ ಒಂದು ಅವಧಿಯಷ್ಟಾದರೂ ಮುಂದುವರಿಸಬೇಕು. ಶಾಲಾ ಸಂಸತ್ತಿನ ಚುನಾವಣೆಯನ್ನು ಜೂನ್ ತಿಂಗಳಲ್ಲಿ ನಡೆಸಿ ಮರೆಯುವ ಬದಲು, ಕುಡಿಯುವ ನೀರು, ಶೌಚಾಲಯದ ಶುಚಿತ್ವ, ಬಿಸಿಯೂಟದ ಸಾಲು ಇಂಥ ವಿಷಯಗಳಲ್ಲಿ ಮಕ್ಕಳ ನಿರ್ಣಯವನ್ನು ಮುಖ್ಯೋಪಾಧ್ಯಾಯರು ತಿಂಗಳಿಗೊಮ್ಮೆ ಕುಳಿತು ಕೇಳಬೇಕು, ಒಪ್ಪದಿದ್ದರೆ ಕಾರಣವನ್ನು ಆ ಮಕ್ಕಳಿಗೇ ಹೇಳಬೇಕು. ಇವುಗಳಲ್ಲಿ ಹೊಸ ಶಿಕ್ಷಕರ ನೇಮಕವೊಂದಕ್ಕೆ ಹಣ ಬೇಕು. ಉಳಿದುವನ್ನು ಬರುವ ಜೂನಿನಿಂದಲೇ ಯಾವ ಊರಿನ ಶಾಲೆಯಾದರೂ ಆರಂಭಿಸಬಹುದು.